ಮಿರಜದ ತಂಬೂರಿ: ಕತ್ತಿ ಮಸೆದ ಕೈಗಳ ಕೆಲಸ

ಅಯೋಧ್ಯೆಯ ವೃತ್ತವೊಂದರಲ್ಲಿ ಲತಾ ಮಂಗೇಶ್ಕರ್ ನೆನಪಿಗೆ 40 ಅಡಿ ಉದ್ದದ, 14 ಟನ್ ತೂಕದ ವೀಣೆ ನಿಂತಿದೆ. ಶಿಲ್ಪಿ ರಾಮ್ ಸುತಾರ್. 2022ರಲ್ಲಿ ಲತಾ ಹುಟ್ಟಿದ ದಿನವೇ ಅನಾವರಣವಾಯಿತು. ನೋಡಲು ಭರ್ಜರಿ, ಆದರೆ ನುಡಿಸಲಿಕ್ಕಾಗದು. ಲತಾ ಬಾಲ್ಯದ ಕೆಲವು ವರ್ಷ ಕಳೆದ ಸಾಂಗ್ಲಿಯ ಮಗ್ಗುಲಲ್ಲೇ ಮಿರಜ ಇದೆ. ಅಲ್ಲಿನ ಸಂಗೀತದ ಸ್ಮಾರಕ ನುಡಿಯುವಂಥದ್ದು. ಅದನ್ನು ಮಾಡಿದವರು ನಮ್ಮ ಮುಸ್ಲಿಂ ಕುಶಲಕರ್ಮಿಗಳು.

ಘೋಡಗೇರಿ, ಗೋಕಾಕ ಕಡೆಯವರಿಗೆ ಮಿರಜವೇನೂ ಪರದೇಶವಲ್ಲ. ಘಟಪ್ರಭಾದಲ್ಲಿ ರೈಲು ಹತ್ತಿದರೆ ರಾಯಬಾಗ, ಕುಡಚಿ ದಾಟಿ ಮಿರಜ. ಆ ಸೀಮೆಯವರು ಹೆಚ್ಚಾಗಿ ಹೋಗುವುದು ಆಸ್ಪತ್ರೆಗೆ, ಅದು ಬೇರೆ ಮಾತು.

ಅಲ್ಲಿನ ಶಿಕಲಗಾರರು ಮೂಲತಃ ಆಯುಧ ಮಸೆಯುವವರು. 19ನೇ ಶತಮಾನದಲ್ಲಿ ಕತ್ತಿಗೆ ಗಿರಾಕಿ ಇಲ್ಲದಾದಾಗ ಫರೀದ್ ಸಾಹೇಬರು ತಂತಿವಾದ್ಯಗಳ ಕಡೆ ತಿರುಗಿದರು. ಮುಂದೆ ಮನೆತನದ ಹೆಸರೇ ಸಿತಾರಮೇಕರ್ ಆಯಿತು! ಪಂಢರಪುರದ ಕಡೆಯ ದೊಡ್ಡ ಸೋರೆಬುರುಡೆಯನ್ನು ನೀರಲ್ಲಿ ನೆನೆಸಿ, ಕೊಯ್ದು, ಬೀಜ ತೆಗೆದು ಒಣಗಿಸಬೇಕು. ಆಮೇಲೆ ಮರದ ಕತ್ತು ಕೂಡಿಸಬೇಕು. ಇಷ್ಟು ಕಣ್ಣಿಗೆ ಕಾಣುವ ಕೆಲಸ. ಕಷ್ಟದ್ದು ಕುದುರೆ ತಿದ್ದುವುದು. ಕೂದಲೆಳೆಯಷ್ಟು ಅರ ಉಜ್ಜಿ, ತಂತಿ ಮೀಟಿ, ಕೇಳಿ, ಮತ್ತೆ ಉಜ್ಜಬೇಕು. ತಂತಿಯಡಿ ಜೀವಾಳದ ನೂಲು ಸರಿಯಾದ ಜಾಗಕ್ಕೆ ಬಂದಾಗ ತಂಬೂರಿ ಝೇಂಕರಿಸುತ್ತದೆ.

ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಮಿರಜದಲ್ಲೇ. ಹಾಡುವುದಷ್ಟೇ ಅಲ್ಲ, ವಾದ್ಯ ರಿಪೇರಿಯೂ ಅವರ ಕೈಗೆ ಬರುತ್ತಿತ್ತು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಆ ಶಿಷ್ಯರ ಶಿಷ್ಯರು. 1937ರಲ್ಲಿ ಪಾಂಡಿಚೇರಿಗೆ ಹೊರಟವರು ದಾರಿಯಲ್ಲೇ ಸಿಂಗಪೆರುಮಾಳ್ ಕೋಯಿಲ್ ನಿಲ್ದಾಣದಲ್ಲಿ ತೀರಿಕೊಂಡರು. ಮಯ್ಯತ್ತನ್ನು ಮಿರಜಕ್ಕೆ ತಂದು ಖ್ವಾಜಾ ಮೀರಾಸಾಹೇಬ್ ದರ್ಗಾದ ಆವರಣದಲ್ಲಿ ದಫನ ಮಾಡಿದರು. ಉರೂಸಿನ ದಿನಗಳಲ್ಲಿ ಅಲ್ಲಿ ಈಗಲೂ ಸಂಗೀತ ಸಭೆ ನಡೆಯುತ್ತದೆ, ಹಿಂದೂ ಮುಸ್ಲಿಂ ಭೇದವಿಲ್ಲದೆ ಗಾಯಕರು ಬಂದು ಹಾಡುತ್ತಾರೆ. ದರ್ಗಾದಲ್ಲಿ ಸಂಗೀತ ಬೇಕಾ ಎಂದು ಕೇಳುವವರು ನಮ್ಮಲ್ಲೂ ಇದ್ದಾರೆ. ಆ ಚರ್ಚೆ ಇಲ್ಲಿ ಬೇಡ.

2024ರಲ್ಲಿ ಮಿರಜದ ಸಿತಾರ್, ತಂಬೂರಿಗೆ ಜಿಐ ಮಾನ್ಯತೆ ಸಿಕ್ಕಿತು. ಬೇರೆ ಊರಿನವರು ಇನ್ನು ಆ ಹೆಸರಿನಲ್ಲಿ ಮಾರುವ ಹಾಗಿಲ್ಲ. ಒಳ್ಳೆಯದೇ. ಆದರೆ ಮೊಬೈಲ್‌ನಲ್ಲೇ ತಂಬೂರಿ ನಾದ ಪುಕ್ಕಟೆ ಸಿಗುವಾಗ, ವರ್ಷಗಟ್ಟಲೆ ಅಪ್ಪನ ಪಕ್ಕ ಕೂತು ಕುದುರೆ ಉಜ್ಜಲು ಕಲಿಯುವ ಹುಡುಗ ಎಲ್ಲಿ ಸಿಗಬೇಕು? ಕೆಲವು ಮನೆಗಳಲ್ಲಿ ಮಕ್ಕಳು ಆಗಲೇ ಬೇರೆ ಕೆಲಸ ಹಿಡಿದಾಗಿದೆ.