ಓದುಗನಿದ್ದೆಡೆಗೆ ಗ್ರಂಥಾಲಯ

ಗ್ರಂಥಾಲಯವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ಪುಸ್ತಕಗಳ ಕಪಾಟುಗಳು, ಒಂದು ಉದ್ದನೆಯ ಮೇಜು, ಮೌನವಾಗಿರಬೇಕೆಂಬ ಒಂದು ಫಲಕ, ಇಷ್ಟೇ ಮನಸ್ಸಿಗೆ ಬರುತ್ತವೆ. ಬಾಗಿಲು ತೆರೆದಿದೆ, ಬೇಕಾದವರು ಬಂದು ಓದಲಿ ಎಂಬುದು ಸಾಮಾನ್ಯವಾದ ಭಾವನೆ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಗ್ರಂಥಾಲಯವು ಎಲ್ಲರದೂ ಆಗುವುದಿಲ್ಲ. ದೂರದ ಹಳ್ಳಿಯವನಿಗೆ ದಾರಿಯೇ ಅಡ್ಡಿ. ದಿನವೆಲ್ಲ ದುಡಿಯುವವನಿಗೆ ವೇಳೆ ಅಡ್ಡಿ. ಓದು ಬಾರದವನಿಗೆ ಅಕ್ಷರ ಅಡ್ಡಿ. ಕಣ್ಣು ಕಾಣದವನಿಗೆ ಅಚ್ಚಿನ ಪುಸ್ತಕವೇ ಅಡ್ಡಿ. ತನ್ನ ಮನೆಯ ಮಾತಿನ ಪುಸ್ತಕ ಅಲ್ಲಿಲ್ಲದವನಿಗೆ ಭಾಷೆ ಅಡ್ಡಿ. ಈ ಅಡ್ಡಿಗಳನ್ನೆಲ್ಲ ದಾಟಿ ಬರುವ ಭಾರವನ್ನು ಓದುಗನೊಬ್ಬನ ಮೇಲೆ ಹೊರಿಸಲಾಗದು. ದಾಟಿ ಹೋಗುವುದು ಗ್ರಂಥಾಲಯದ ಧರ್ಮ. ಗಡಿನಾಡಿನ ಕನ್ನಡಿಗರಾದ ನಾವು ಈ ವಿಷಯವನ್ನು ವಿಶೇಷವಾಗಿ ವಿಚಾರಿಸಬೇಕಾಗಿದೆ.

ಇದು ಹೊಸ ವಿಚಾರವೇನಲ್ಲ. ಬಡೋದೆಯ ಮಹಾರಾಜರಾದ ಮೂರನೆಯ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಬೋರ್ಡನ್ ಎಂಬ ಅಮೆರಿಕದ ಗ್ರಂಥಪಾಲರನ್ನು ಕರೆಯಿಸಿ, ತಮ್ಮ ಸಂಸ್ಥಾನದಲ್ಲಿ ಗ್ರಂಥಾಲಯಗಳ ವ್ಯವಸ್ಥೆಯನ್ನು ಕಟ್ಟಿಸಿದರು. ಅಲ್ಲಿ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತುಂಬಿ ಹಳ್ಳಿಗಳಿಗೆ ಕಳುಹಿಸುವ ಸಂಚಾರಿ ಗ್ರಂಥಾಲಯವೂ ಇತ್ತು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯೊಂದು ಗ್ರಂಥಾಲಯವಾಗಿ ಹಳ್ಳಿಗಳನ್ನು ಸುತ್ತಿತು. ಅದನ್ನು ಪ್ರೋತ್ಸಾಹಿಸಿದವರು ಎಸ್. ಆರ್. ರಂಗನಾಥನ್ ಅವರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬ ಸೂತ್ರವನ್ನು ಜಗತ್ತಿಗೆ ಕೊಟ್ಟ ಈ ವಿದ್ವಾಂಸರು ತಮ್ಮ ಕಡೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1935ರಲ್ಲಿ ಆಂಧ್ರದ ಪಾತೂರಿ ನಾಗಭೂಷಣಂ ಅವರು ಕೃಷ್ಣಾ ನದಿಯ ಕಾಲುವೆಯಲ್ಲಿ ದೋಣಿಯ ಮೂಲಕ ಪುಸ್ತಕಗಳನ್ನು ದಡದ ಊರುಗಳಿಗೆ ಮುಟ್ಟಿಸಿದರು. ನಮ್ಮ ಸೀಮೆಯನ್ನು ಹಾದು ಹೋಗುವ ನೀರೇ ಅಲ್ಲಿ ಜ್ಞಾನವನ್ನು ಹೊತ್ತಿತು.

ನಮ್ಮ ಕನ್ನಡನಾಡಿನಲ್ಲಿ ಗಾಡಿಯೂ ಇಲ್ಲದೆ, ದೋಣಿಯೂ ಇಲ್ಲದೆ ಈ ಕೆಲಸ ನಡೆದುದುಂಟು. ಕಾದಂಬರಿಕಾರ ಗಳಗನಾಥರು (1869–1942) ತಾವು ಬರೆದ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಓದುಗರನ್ನು ಸಂಪಾದಿಸಿದರು. ಕನ್ನಡಿಗರಲ್ಲಿ ಓದುವ ಹವ್ಯಾಸವಿಲ್ಲವೆಂದು ಕೊರಗುತ್ತ ಅವರು ಮನೆಯಲ್ಲಿ ಕುಳಿತಿರಲಿಲ್ಲ. ಪುಸ್ತಕ ಹೋದೆಡೆಯಲ್ಲಿ ಓದುಗ ಹುಟ್ಟುತ್ತಾನೆಂಬುದನ್ನು ತೋರಿಸಿಕೊಟ್ಟರು.

ದಾರಿಯ ಅಡ್ಡಿಯನ್ನು ಗಾಡಿಯಿಂದ ನೀಗಬಹುದು. ಮಿಕ್ಕ ಅಡ್ಡಿಗಳಿಗೆ ಬೇರೆ ಉಪಾಯ ಬೇಕು. ಕಣ್ಣಿಲ್ಲದವರಿಗಾಗಿ ಬ್ರೈಲ್ ಪುಸ್ತಕಗಳಿವೆ; ಬೆಂಗಳೂರಿನಲ್ಲಿ 1990ರಲ್ಲಿ ಆರಂಭವಾದ ಮಿತ್ರಜ್ಯೋತಿ ಸಂಸ್ಥೆಯು ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸಿ ಅಂಥವರಿಗೆ ಒದಗಿಸುತ್ತಿದೆ. ಅಕ್ಷರ ಬಾರದವರ ಮಟ್ಟಿಗಂತೂ ಮೈಸೂರಿನ ರಾಜೀವನಗರದ ನಿದರ್ಶನ ಮನಮುಟ್ಟುವಂಥದು. ತಮಗೆ ಓದುವ ಭಾಗ್ಯ ದೊರೆಯದ ಒಬ್ಬ ಮುಸಲ್ಮಾನ ಕೂಲಿಕಾರರು, ನೆರೆಹೊರೆಯವರಾದರೂ ಕನ್ನಡವನ್ನು ಓದಲೆಂದು 2011ರಲ್ಲಿ ಅಲ್ಲೊಂದು ಗ್ರಂಥಾಲಯವನ್ನು ತೆರೆದರು. 2021ರ ಏಪ್ರಿಲ್‌ನಲ್ಲಿ ಅಲ್ಲಿಯ ಸಾವಿರಾರು ಪುಸ್ತಕಗಳು ಬೆಂಕಿಗೆ ಆಹುತಿಯಾದಾಗ ಅವರು ಎದೆಗುಂದಲಿಲ್ಲ. ನಾಡಿನ ಜನರು ಪುಸ್ತಕಗಳನ್ನು ಕಳುಹಿಸಿ ಅವರಿಗೆ ನೆರವಾದರು. ತಾನು ಓದಲಾರದವನೂ ಇತರರ ಓದಿಗೆ ಆಸರೆಯಾಗಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಸರಕಾರದ ಮಟ್ಟದಲ್ಲಿಯೂ ಪ್ರಯತ್ನಗಳು ನಡೆದಿವೆ. ಕರ್ನಾಟಕದಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳಿದ್ದು, 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಕೊಡಲಾಯಿತು. ಶಾಲೆಗಳು ಮುಚ್ಚಿದ್ದ ಆ ಮಹಾಮಾರಿಯ ವರ್ಷದಲ್ಲಿ ಹಳ್ಳಿಯ ಮಕ್ಕಳಿಗೆ ಅದು ಎಷ್ಟರಮಟ್ಟಿನ ಆಸರೆಯಾಗಿತ್ತೆಂಬುದನ್ನು ಊಹಿಸಬಹುದು.

ಇನ್ನು ಭಾಷೆಯ ಅಡ್ಡಿ. ಇದು ನಮ್ಮದೇ ಸಂಗತಿ. 1956ರ ನವೆಂಬರ್ 1ಕ್ಕೆ ಮುಂಚೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ನಾವು ತೆಲಂಗಾಣದವರು. ಗಡಿಗೆರೆ ಕಾಗದದ ಮೇಲೆ ಒಂದು ದಿನದಲ್ಲಿ ಬದಲಾಗಬಹುದು, ಮನೆಯ ಮಾತು ಹಾಗೆ ಬದಲಾಗದು. ಮಕ್ತಲ್, ಕೃಷ್ಣಾ, ನಾರಾಯಣಪೇಟೆಯ ಕಡೆಯ ಅನೇಕ ಮನೆಗಳಲ್ಲಿ ಇಂದಿಗೂ ಒಲೆಯ ಮುಂದಿನ ಮಾತು ಕನ್ನಡವೇ. ಆ ಮನೆಯ ಮಗು ಕನ್ನಡ ಶಾಲೆಯಲ್ಲಿ ಅಕ್ಷರ ಕಲಿಯುತ್ತದೆ. ಆದರೆ ಪಠ್ಯಪುಸ್ತಕದ ಹೊರಗೆ ಓದಲು ಕನ್ನಡದ ಕಥೆಯಿಲ್ಲ, ಚರಿತ್ರೆಯಿಲ್ಲ, ಪತ್ರಿಕೆಯಿಲ್ಲ ಎಂದಾದರೆ ಕಲಿತ ಅಕ್ಷರವು ನೀರೆರೆಯದ ಸಸಿಯಂತೆ ಬಾಡುತ್ತದೆ. ಇದೇ ನಮ್ಮ ಮುಂದಿರುವ ನಿಜವಾದ ಅಪಾಯ. ಯುನೆಸ್ಕೊ ಸಂಸ್ಥೆಯು 1994ರ ತನ್ನ ಗ್ರಂಥಾಲಯ ಘೋಷಣೆಯಲ್ಲಿ, ಸಾಮಾನ್ಯ ಸೇವೆಯು ನಿಲುಕದವರಿಗೆ ವಿಶೇಷ ಸೇವೆಯನ್ನು ಒದಗಿಸಬೇಕೆಂದು ಹೇಳಿ, ಅಂಗವಿಕಲರು, ಆಸ್ಪತ್ರೆ ಸೆರೆಮನೆಗಳಲ್ಲಿರುವವರು ಇವರೊಡನೆ ಭಾಷಾ ಅಲ್ಪಸಂಖ್ಯಾತರನ್ನೂ ಹೆಸರಿಸಿದೆ. ಆದುದರಿಂದ ಕನ್ನಡ ಪುಸ್ತಕವನ್ನು ಕೇಳುವುದು ಭಿಕ್ಷೆಯಲ್ಲ.

ಅದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮಲ್ಲಿ ಜಾರಿಯಲ್ಲಿರುವ 1960ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಪ್ರಕಾರ ಮನೆತೆರಿಗೆಯ ಪ್ರತಿ ರೂಪಾಯಿಗೆ 8 ಪೈಸೆಯಂತೆ ಗ್ರಂಥಾಲಯ ಕರವಿದೆ. ಜಿಲ್ಲಾ ಗ್ರಂಥಾಲಯ ಸಂಸ್ಥೆಯು ಈ ಹಣದಿಂದ ನಡೆಯತಕ್ಕದ್ದು. ಎಂದಮೇಲೆ ಮಣ್ಣಿನ ಮಾಳಿಗೆಯ ರೈತನೂ ತನ್ನ ಮನೆತೆರಿಗೆಯೊಡನೆ ಗ್ರಂಥಾಲಯಕ್ಕೆ ಪಾಲು ಸಲ್ಲಿಸಿದ್ದಾನೆ. ತನ್ನ ಮಗುವಿಗೆ ತಿಳಿಯುವ ಭಾಷೆಯ ನಾಲ್ಕು ಪುಸ್ತಕಗಳನ್ನು ತರಿಸಿರೆಂದು ವಿನಯದಿಂದ, ಆದರೆ ಧೈರ್ಯದಿಂದ ಬರೆದು ಕೇಳಲು ಅವನು ಹಕ್ಕುದಾರ. ಕೇಳುವವರ ಹೆಸರುಗಳು ಹೆಚ್ಚಾದಷ್ಟೂ ಕೊಡುವವರ ಕೈ ಬೇಗ ಮುಂದೆ ಬರುತ್ತದೆ.

ಸರಕಾರವನ್ನು ಕೇಳುವುದರ ಜೊತೆಗೆ ನಾವು ಮಾಡಬಹುದಾದುದೂ ಬಹಳವಿದೆ. ಬಡೋದೆಯ ಪೆಟ್ಟಿಗೆಯನ್ನು ನಾವೂ ಅನುಕರಿಸಬಹುದು. ಮೂವತ್ತು ಪುಸ್ತಕಗಳ ಒಂದು ಪೆಟ್ಟಿಗೆ ಒಂದೊಂದು ತಿಂಗಳು ಒಂದೊಂದು ಊರಿನಲ್ಲಿದ್ದರೆ, ಹನ್ನೆರಡು ಪೆಟ್ಟಿಗೆಗಳು ಹನ್ನೆರಡು ಊರುಗಳಿಗೆ ವರ್ಷವಿಡೀ ಹೊಸ ಓದನ್ನು ಕೊಡಬಲ್ಲವು. ಹತ್ತಿ ಬಿಡಿಸುವ ಕಾಲದಲ್ಲಿ ಹಗಲು ಯಾರಿಗೂ ಬಿಡುವಿಲ್ಲ. ಪೆಟ್ಟಿಗೆಯನ್ನು ಸಂಜೆಯಲ್ಲಿ ತೆರೆಯಬೇಕು. ಗುಳೆ ಹೋಗುವ ಮನೆಯ ಮಗುವಿನ ಕೈಯಲ್ಲಿ ಎರಡು ಪುಸ್ತಕಗಳನ್ನಿಟ್ಟು ಕಳುಹಿಸಬೇಕು. ಹಿಂತಿರುಗಿ ಬಂದೀತೋ ಇಲ್ಲವೋ ಎಂಬ ಶಂಕೆ ಬೇಡ, ಓದಿ ಹರಿದುಹೋದ ಪುಸ್ತಕ ನಷ್ಟವಲ್ಲ. ಪೆಟ್ಟಿಗೆಯಲ್ಲಿ ಕನ್ನಡದ ಪಕ್ಕದಲ್ಲಿ ತೆಲುಗು, ಉರ್ದು ಪುಸ್ತಕಗಳೂ ಇರಲಿ. ನಮ್ಮ ಭಾಷೆಗೆ ಸ್ಥಳ ಕೇಳುವ ನಾವು ನೆರೆಯವರ ಭಾಷೆಗೆ ಬಾಗಿಲು ಮುಚ್ಚಬಾರದು.

ವಿದ್ಯಾರ್ಥಿಗಳೇ, ಪುಸ್ತಕವನ್ನು ಮನೆಗೆ ಒಯ್ದಾಗ ಗಟ್ಟಿಯಾಗಿ ಓದಿರಿ. ನಿಮ್ಮ ಅಜ್ಜಿ ಓದಲಾರದಿರಬಹುದು, ಆದರೆ ಕೇಳಬಲ್ಲಳು. ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ದಿನಕ್ಕೆ ಅರ್ಧ ಗಂಟೆ ಮಗುವನ್ನು ಕೆಲಸದಿಂದ ಬಿಡಿಸಿ ಪುಸ್ತಕದ ಮುಂದೆ ಕೂಡಿಸಿರಿ, ನೀವೂ ಪಕ್ಕದಲ್ಲಿ ಕುಳಿತು ಕೇಳಿರಿ. ಕಟ್ಟಡವಿಲ್ಲದಿದ್ದರೂ ಅಂಥ ಮನೆಯ ಜಗುಲಿಯೇ ನಮ್ಮ ಊರಿನ ಮೊದಲ ಗ್ರಂಥಾಲಯವಾದೀತು.