ಅಲೆಯ ಹಲಗೆ ಮತ್ತು ಹೊಳೆಯ ಹರಿಗೋಲು

ನೀರಿನೊಡನೆ ಮಾನವನಿಗಿರುವ ಸಂಬಂಧದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅಣೆಕಟ್ಟು, ಕಾಲುವೆ, ಸೇತುವೆ, ಹಡಗು ಇವುಗಳನ್ನು ಕುರಿತು ವಿಚಾರಮಾಡುತ್ತಾರೆ. ಇವುಗಳಿಗೆ ಶಾಸನಗಳುಂಟು, ಸರಕಾರದ ಕಡತಗಳುಂಟು, ಕಲ್ಲುಗಾರೆಯ ಸಾಕ್ಷ್ಯವೂ ಉಂಟು. ಆದರೆ ಜನಸಾಮಾನ್ಯರು ತಮ್ಮ ಕೈಯಿಂದಲೇ ಮಾಡಿಕೊಂಡು ಬಳಸಿದ ಮರದ ಹಲಗೆಗೂ ಬಿದಿರಿನ ಬುಟ್ಟಿಗೂ ಚರಿತ್ರೆಯ ಪುಟಗಳಲ್ಲಿ ಸ್ಥಳ ದೊರೆತಿರುವುದು ವಿರಳ. ಅಂತಹ ಎರಡು ಸಾಧನಗಳನ್ನು ಈ ಲೇಖನದಲ್ಲಿ ಜೊತೆಗಿಟ್ಟು ಪರಿಶೀಲಿಸಲು ನಾವು ಉದ್ದೇಶಿಸಿದ್ದೇವೆ. ಒಂದು, ಪೆಸಿಫಿಕ್ ಮಹಾಸಾಗರದ ನಡುವಣ ಹವಾಯಿ ದ್ವೀಪಗಳ ಅಲೆಸವಾರಿಯ ಹಲಗೆ. ಮತ್ತೊಂದು, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಕಪಿಲೆ, ಕಾವೇರಿಗಳ ಮೇಲೆ ತೇಲುವ ಹರಿಗೋಲು. ಇವೆರಡಕ್ಕೂ ಪರಸ್ಪರ ಸಂಪರ್ಕವಿತ್ತೆಂದು ನಾವು ಹೇಳುತ್ತಿಲ್ಲ. ಒಂದರ ಚರಿತ್ರೆ ಮತ್ತೊಂದರ ಚರಿತ್ರೆಯನ್ನು ಬರೆಯುವ ಬಗೆಯನ್ನು ತೋರಿಸಿಕೊಡಬಲ್ಲುದೆಂಬುದಷ್ಟೇ ನಮ್ಮ ಅಭಿಪ್ರಾಯ.

ಹವಾಯಿ ಜನರು ಅಲೆಸವಾರಿಯನ್ನು ‘ಹೆಎ ನಲು’ ಎಂದು ಕರೆದರು; ಅಲೆಯ ಮೇಲೆ ಜಾರುವುದು ಎಂದು ಇದರ ಅರ್ಥ. ದಡದಿಂದ ದೂರ ಈಜಿಹೋಗಿ, ಮೇಲೇಳುವ ತೆರೆಯನ್ನು ಕಾದಿದ್ದು, ಅದರ ಓಟಕ್ಕೆ ಸರಿಯಾಗಿ ಹಲಗೆಯನ್ನು ಚಲಿಸಿ, ಅದರ ಇಳಿಜಾರಿನಲ್ಲಿ ನಿಂತೋ ಮಲಗಿಯೋ ದಡಕ್ಕೆ ಬರುವುದು ಈ ವಿದ್ಯೆಯ ಸಾರ. ಹಲಗೆಗಳಲ್ಲಿ ಭೇದಗಳಿದ್ದುವು. ‘ಪೈಪೋ’ ಎಂಬುದು ಮಲಗಿ ಸವಾರಿಮಾಡುವ ಚಿಕ್ಕ ಹಲಗೆ. ‘ಅಲಾಯಾ’ ಎಂಬುದು ತೆಳುವಾದದ್ದು, ಬಹುಜನರ ಬಳಕೆಯದು. ಕೋವಾ ಮರದಿಂದಲೂ ಹಲಸಿನ ಬಳಗದ ಬ್ರೆಡ್‌ಫ್ರೂಟ್ ಮರದಿಂದಲೂ ಇದನ್ನು ಮಾಡುತ್ತಿದ್ದರು. ‘ಓಲೋ’ ಎಂಬುದು ನಾಯಕವರ್ಗಕ್ಕೆ ಮೀಸಲಾದ ನೀಳ ಹಲಗೆ. ನಮ್ಮ ಹಾಲುವಾಣದ ಜಾತಿಗೆ ಸೇರಿದ ವಿಲಿವಿಲಿ ಎಂಬ ಹಗುರ ಮರ ಇದಕ್ಕೆ ಶ್ರೇಷ್ಠವೆನಿಸಿತ್ತು. ಮರವನ್ನು ಕಡಿಯುವ ಮೊದಲು ಅದರ ಬುಡದಲ್ಲಿ ಕೆಂಪು ಮೀನೊಂದನ್ನು ಅರ್ಪಿಸುವ ಆಚಾರವಿತ್ತೆಂದು ಹತ್ತೊಂಬತ್ತನೆಯ ಶತಮಾನದ ಬರೆಹಗಳಿಂದ ತಿಳಿದುಬರುತ್ತದೆ. ಸ್ತ್ರೀಪುರುಷರಿಬ್ಬರೂ ಈ ಕ್ರೀಡೆಯಲ್ಲಿ ನಿಪುಣರಾಗಿದ್ದರು. ಲೋನೋ ದೇವತೆಗೆ ಮುಡಿಪಾದ ‘ಮಕಾಹಿಕಿ’ ಎಂಬ ಹಬ್ಬದ ತಿಂಗಳುಗಳಲ್ಲಿ ಯುದ್ಧ ನಿಷಿದ್ಧವಾಗಿ, ಕಾಣಿಕೆಗಳನ್ನು ಒಪ್ಪಿಸುವುದೂ ಕ್ರೀಡೆಗಳೂ ನಡೆಯುತ್ತಿದ್ದುವು. ಹೀಗೆ ಹಲಗೆಯು ಕೇವಲ ವಿನೋದದ ವಸ್ತುವಾಗಿರದೆ ಧರ್ಮ, ಅಂತಸ್ತು, ಋತುಮಾನಗಳೊಡನೆ ಹೆಣೆದುಕೊಂಡಿತ್ತು.

ಕ್ಯಾಪ್ಟನ್ ಕುಕ್ಕನ ಮೂರನೆಯ ಯಾತ್ರೆಯ ಹಡಗುಗಳು ೧೭೭೮ರಲ್ಲಿ ಹವಾಯಿಯನ್ನು ಮುಟ್ಟಿದುವು. ೧೭೭೯ರಲ್ಲಿ ಕೀಲಕೆಕುವ ಕೊಲ್ಲಿಯಲ್ಲಿ ಕುಕ್ಕನು ಹತನಾದನು. ಅದೇ ವರ್ಷ ಅವನ ಅಧಿಕಾರಿ ಜೇಮ್ಸ್ ಕಿಂಗನು ಅಲೆಸವಾರಿಯ ವಿವರವಾದ ವರ್ಣನೆಯನ್ನು ಬರೆದಿಟ್ಟನು. ಆ ಮೇಲಿನ ಶತಮಾನದಲ್ಲಿ ಈ ಕಲೆ ಕ್ಷೀಣಿಸಿತು. ೧೮೨೦ರಲ್ಲಿ ಬಂದ ಕ್ರೈಸ್ತ ಪಾದ್ರಿಗಳು ಇದನ್ನು ನಿಷೇಧಿಸಿದರೆಂಬ ಮಾತು ಪ್ರಚಾರದಲ್ಲಿದೆ. ಆದರೆ ಕಾಲಕ್ರಮವನ್ನು ನೋಡಿದಲ್ಲಿ ವಿಷಯ ಇಷ್ಟು ಸರಳವಲ್ಲ. ಪಾದ್ರಿಗಳು ಬರುವುದಕ್ಕೆ ಮುಂಚೆಯೇ, ೧೮೧೯ರಲ್ಲಿ, ‘ಕಪು’ ಎಂಬ ವಿಧಿನಿಷೇಧಗಳ ಹಳೆಯ ಕಟ್ಟು ದೇಶೀಯ ಅರಸುಮನೆಯವರಿಂದಲೇ ಮುರಿದುಬಿತ್ತು. ಅದರೊಡನೆ ಮಕಾಹಿಕಿಯ ಆಧಾರವೂ ಕುಸಿಯಿತು. ಹೊರಗಿನಿಂದ ಬಂದ ರೋಗಗಳು ಜನರನ್ನು ಧ್ವಂಸಮಾಡಿದುವು. ಲಕ್ಷಗಳಲ್ಲಿದ್ದ ದೇಶೀಯರ ಸಂಖ್ಯೆ ೧೮೯೦ರ ವೇಳೆಗೆ ಸುಮಾರು ೪೦,೦೦೦ಕ್ಕೆ ಇಳಿಯಿತು. ಪಾದ್ರಿಗಳ ಬೋಧನೆಯೂ ಹೊಸ ದುಡಿಮೆಯ ಕ್ರಮವೂ ಬಿಡುವಿನ ಬಾಳನ್ನು ಕುಗ್ಗಿಸಿದುವೆಂಬುದು ನಿಜ. ಆದರೂ ಅಲೆಸವಾರಿ ಸಂಪೂರ್ಣವಾಗಿ ನಿಂತುಹೋಗಲಿಲ್ಲ. ೧೮೮೫ರಲ್ಲಿ ಹವಾಯಿಯ ಮೂವರು ರಾಜಕುಮಾರರು ಕ್ಯಾಲಿಫೋರ್ನಿಯದ ಸಾಂತಾಕ್ರೂಜ್‌ನಲ್ಲಿ ಅದನ್ನು ಪ್ರದರ್ಶಿಸಿದರು.

೧೮೯೩ರಲ್ಲಿ ಹವಾಯಿಯ ರಾಣಿ ಪದಚ್ಯುತಳಾದಳು. ೧೮೯೮ರಲ್ಲಿ ಅಮೆರಿಕವು ದ್ವೀಪಗಳನ್ನು ತನ್ನಲ್ಲಿ ಸೇರಿಸಿಕೊಂಡಿತು. ಬಳಿಕ ಪ್ರವಾಸಿಗಳ ಆಗಮನದೊಂದಿಗೆ ವೈಕೀಕಿ ತೀರದಲ್ಲಿ ಅಲೆಸವಾರಿಗೆ ಹೊಸ ಬೆಲೆ ಬಂದಿತು. ೧೯೦೮ರಲ್ಲಿ ಸ್ಥಾಪಿತವಾದ ಔಟ್‌ರಿಗರ್ ಕೆನೂ ಕ್ಲಬ್ಬಿನಲ್ಲಿ ಬಿಳಿಯರದೇ ಪ್ರಾಬಲ್ಯ. ೧೯೧೧ರಲ್ಲಿ ರೂಪುಗೊಂಡ ‘ಹುಯಿ ನಲು’ ಎಂಬ ಸಂಘದಲ್ಲಿ ದೇಶೀಯರು ತಮ್ಮ ವಿದ್ಯೆಯನ್ನು ತಾವೇ ಉಳಿಸಿಕೊಂಡರು. ಆ ಸಂಘದ ಡ್ಯೂಕ್ ಕಹನಮೋಕು (೧೮೯೦–೧೯೬೮) ೧೯೧೨ ಮತ್ತು ೧೯೨೦ರ ಒಲಿಂಪಿಕ್ ಕ್ರೀಡೆಗಳಲ್ಲಿ ಈಜಿನ ಚಿನ್ನದ ಪದಕಗಳನ್ನು ಪಡೆದು, ಅಲೆಸವಾರಿಯನ್ನು ಆಸ್ಟ್ರೇಲಿಯದವರೆಗೂ ಪರಿಚಯಿಸಿದನು. ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಕಿನಲ್ಲಿ ಈ ಕ್ರೀಡೆ ಮೊದಲ ಬಾರಿಗೆ ಸೇರಿದಾಗ, ಮಹಿಳೆಯರ ಚಿನ್ನ ಹವಾಯಿಯ ಕರಿಸ್ಸಾ ಮೂರ್ ಅವರದಾಯಿತು. ನಮ್ಮ ನಾಡಿನ ಕರಾವಳಿಗೂ ಈ ತೆರೆ ತಲುಪಿದೆ. ಮೂಲ್ಕಿಯ ಸಮೀಪದ ಸಸಿಹಿತ್ಲು ಕಡಲತೀರದಲ್ಲಿ ೨೦೧೬ರಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯಿತು.

ಇನ್ನು ನಮ್ಮ ಹೊಳೆಗೆ ಬರೋಣ. ವಯನಾಡಿನಲ್ಲಿ ಹುಟ್ಟಿದ ಕಪಿಲೆ ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಬಳಸಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ; ಸ್ಫಟಿಕ ಸರೋವರವನ್ನೂ ಕೂಡಿಸಿ ಇದನ್ನು ತ್ರಿವೇಣಿಯೆಂದು ಭಾವಿಸುವುದು ವಾಡಿಕೆ. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ, ಮತ್ತೊಂದು ದಡದಲ್ಲಿ ಅಗಸ್ತ್ಯೇಶ್ವರ. ಒಂದೇ ಕ್ಷೇತ್ರದ ದೇವರುಗಳು ಹೊಳೆಯ ಎರಡು ಬದಿಗಳಲ್ಲಿ ನೆಲೆಸಿರುವಾಗ ದಾಟುವವನ ಅಗತ್ಯವೇನೆಂಬುದನ್ನು ವಿವರಿಸಬೇಕಾಗಿಲ್ಲ. ಈ ಸಂಗಮದ ಬಳಿ ಮಾನವವಸತಿ ಅತಿ ಪ್ರಾಚೀನ. ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿ ಅವರು ೧೯೫೯ರಿಂದ ೧೯೬೨ರ ನಡುವೆ ಇಲ್ಲಿ ನಡೆಸಿದ ಉತ್ಖನನದಿಂದ ನವಶಿಲಾಯುಗದ ನೆಲೆಯೊಂದು ಬೆಳಕಿಗೆ ಬಂದಿತು. ಮಡಕೆ, ಕಲ್ಲಿನ ಆಯುಧ, ಮೂಳೆ ಇವು ಉಳಿದುವು. ಬಿದಿರೂ ಚರ್ಮವೂ ಮಣ್ಣಿನಲ್ಲಿ ಉಳಿಯುವ ವಸ್ತುಗಳಲ್ಲ. ಆದುದರಿಂದ ಅಗೆತದಲ್ಲಿ ದೋಣಿ ಸಿಕ್ಕಲಿಲ್ಲವೆಂದು ಅಂದಿನವರು ಹೊಳೆ ದಾಟುತ್ತಿರಲಿಲ್ಲವೆಂದು ಹೇಳುವಂತಿಲ್ಲ. ದಾಟುತ್ತಿದ್ದರೆಂದು ಸಾಧಿಸುವಂತೆಯೂ ಇಲ್ಲ. ಚರಿತ್ರಕಾರನು ಇಲ್ಲಿ ಬರೆಹದ ಸಾಕ್ಷ್ಯವನ್ನೇ ಆಶ್ರಯಿಸಬೇಕು.

ಬಿದಿರಿನ ಸೀಳುಗಳನ್ನು ದುಂಡಾಗಿ ಬುಟ್ಟಿಯಂತೆ ಹೆಣೆದು, ಹೊರಮೈಗೆ ಚರ್ಮವನ್ನು ಹೊದಿಸಿ ಬಿಗಿದರೆ ಹರಿಗೋಲಾಯಿತು. ಈಗ ಚರ್ಮದ ಸ್ಥಾನವನ್ನು ಪ್ಲಾಸ್ಟಿಕ್ ಹಾಳೆಯೂ ಟಾರೂ ಆಕ್ರಮಿಸಿವೆ. ಇದಕ್ಕೆ ಮುಂಭಾಗವಿಲ್ಲ, ಹಿಂಭಾಗವಿಲ್ಲ, ಅಡಿಯಲ್ಲಿ ಏಣಿಲ್ಲ. ತಳ ಚಪ್ಪಟೆಯಾದುದರಿಂದ ಅಲ್ಪಜಲದಲ್ಲಿಯೂ ಬಂಡೆಗಳ ನಡುವೆಯೂ ತೇಲುತ್ತದೆ. ಹಗುರವಾದುದರಿಂದ ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಹುದು. ಹದಿನಾರನೆಯ ಶತಮಾನದ ಪೂರ್ವಾರ್ಧದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸನು ತುಂಗಭದ್ರೆಯ ಹರಿಗೋಲುಗಳನ್ನು ವರ್ಣಿಸಿದ್ದಾನೆ. ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದುವೆಂದೂ, ನೆಟ್ಟಗೆ ಹೋಗದೆ ಸದಾ ತಿರುಗುತ್ತಿದ್ದುವೆಂದೂ ಅವನ ಹೇಳಿಕೆ. ೧೮೦೦ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿಯ ಸೈನ್ಯವೂ ತುಂಬಿದ ಹೊಳೆಗಳನ್ನು ದಾಟಲು ಇಂತಹ ಬುಟ್ಟಿದೋಣಿಗಳನ್ನೇ ಅವಲಂಬಿಸಿತು. ಗ್ರೀಕ್ ಚರಿತ್ರಕಾರ ಹೆರೊಡೋಟಸನು ಬ್ಯಾಬಿಲೋನಿನ ದುಂಡನೆಯ ಚರ್ಮದ ದೋಣಿಗಳನ್ನು ವರ್ಣಿಸಿರುವುದನ್ನು ನೆನೆದರೆ ಈ ರೂಪದ ವ್ಯಾಪ್ತಿ ತಿಳಿಯುತ್ತದೆ.

ಹವಾಯಿಯಲ್ಲಿ ಹಲಗೆಯ ಉದ್ದ ಸವಾರನ ಅಂತಸ್ತನ್ನು ಸಾರಿತು. ನಮ್ಮಲ್ಲಿ ಹರಿಗೋಲು ದುಡಿಮೆಯ ಸಾಧನ. ಅದನ್ನು ನಡೆಸುವವನಿಗೆ ಸಮಾಜ ಮೇಲಿನ ಪೀಠವನ್ನು ಕೊಡಲಿಲ್ಲ. ಆದರೂ ಹನ್ನೆರಡನೆಯ ಶತಮಾನದ ಶರಣರಲ್ಲಿ ಚೌಡಯ್ಯನು ತನ್ನ ಕಾಯಕವನ್ನೇ ಅಂಕಿತವನ್ನಾಗಿ ಧರಿಸಿ ಅಂಬಿಗರ ಚೌಡಯ್ಯನೆಂದು ಪ್ರಸಿದ್ಧನಾದನು. ದಾಸರ ಕೀರ್ತನೆಗಳಲ್ಲಿ ಭಗವಂತನೇ ಅಂಬಿಗನಾದನು. ಕನ್ನಡದ ಭಕ್ತಿಗೆ ಭವಸಾಗರವನ್ನು ದಾಟಿಸುವ ಉಪಮೆಯನ್ನು ಒದಗಿಸಿದುದರಲ್ಲಿ ಈ ಹೊಳೆಯ ದುಡಿಮೆಯ ಪಾಲು ದೊಡ್ಡದು.

ಹರಿಗೋಲಿನ ಇಳಿಗಾಲಕ್ಕೆ ರೋಗವಾಗಲಿ ಮತಾಂತರವಾಗಲಿ ಕಾರಣವಲ್ಲ. ನಂಜನಗೂಡಿನಲ್ಲಿ ದಳವಾಯಿ ದೇವರಾಜಯ್ಯನ ಕಾಲದ, ೧೭೩೫ರದೆಂದು ಹೇಳಲಾಗುವ ಕಮಾನು ಸೇತುವೆ ಬಹು ಹಿಂದೆಯೇ ದಾರಿಯನ್ನು ಕಲ್ಪಿಸಿತು. ಮುಂದೆ ಅದರ ಮೇಲೆ ರೈಲೂ ಓಡಿತು. ೧೯೧೧ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. ೧೯೭೪ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿಯ ಅಣೆಕಟ್ಟು ಪೂರ್ಣಗೊಂಡಿತು. ಹೊಳೆಯ ಏರಿಳಿತ ಮಳೆಯೊಂದಕ್ಕೇ ಅಧೀನವಾಗಿರದೆ ತೂಬಿನ ಬಾಗಿಲಿಗೂ ಅಧೀನವಾಯಿತು. ರಸ್ತೆಗಳೂ ಬಸ್ಸುಗಳೂ ಹಬ್ಬಿದಂತೆ ಕಡವುಗಳು ಬರಿದಾದುವು. ಇವುಗಳಿಂದ ಜನರಿಗಾದ ಉಪಕಾರವನ್ನು ಅಲ್ಲಗಳೆಯುವುದು ಅವಿವೇಕ. ಆದರೆ ಲಾಭದ ಲೆಕ್ಕವನ್ನು ಬರೆದಿಟ್ಟಿರುವ ನಾವು ನಷ್ಟದ ಲೆಕ್ಕವನ್ನು ಬರೆದಿಟ್ಟಿಲ್ಲ.

ಆ ನಷ್ಟ ಯಾವುದು? ಹೊಳೆಯನ್ನು ಓದುವ ವಿದ್ಯೆ. ಕಡ, ಮಡು, ಸುಳಿ, ಸೆಳವು ಎಂಬ ಮಾತುಗಳು ನಮಗೆ ನಿಘಂಟಿನ ಶಬ್ದಗಳು. ಅಂಬಿಗನಿಗೆ ಅವು ಪ್ರಾಣದ ಗಡಿಗಳು. ಮಾಲಂಗಿಯ ಮಡುವನ್ನು ತಲಕಾಡಿನ ಶಾಪದ ಐತಿಹ್ಯದಿಂದ ನಾವು ಬಲ್ಲೆವು. ಅದರ ಸೆಳವು ಯಾವ ತಿಂಗಳಿನಲ್ಲಿ ಎತ್ತ ತಿರುಗುವುದೆಂಬುದನ್ನು ಅವನು ಬಲ್ಲನು. ಇಂದು ಸಂಗಮದಲ್ಲಿಯೂ ತಲಕಾಡಿನಲ್ಲಿಯೂ ಹರಿಗೋಲು ಪ್ರವಾಸಿಗಳ ವಿನೋದಕ್ಕೆ ಮರಳಿದೆ. ೧೯೮೯ರಿಂದ ತಿರುಮಕೂಡಲಿನಲ್ಲಿ ನಡೆದುಬಂದಿರುವ ಕುಂಭಮೇಳಕ್ಕೆ ಅಪಾರ ಜನ ಸೇರುತ್ತಾರೆ. ನೀರಿನ ಗುಣವರಿಯದ ಯಾತ್ರಿಕರು ಹೊಳೆಯ ಪಾಲಾದ ವಾರ್ತೆಗಳೂ ನಮಗೆ ಅಪರಿಚಿತವಲ್ಲ. ವಸ್ತು ಉಳಿದು ವಿದ್ಯೆ ಅಳಿದರೆ ಆಗುವ ಅಪಾಯ ಇದು.

ಹವಾಯಿಯ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠ ಇಲ್ಲಿದೆ. ಪ್ರವಾಸಿಯ ಹಣ ಹಲಗೆಯನ್ನು ಉಳಿಸಬಲ್ಲುದು. ಆದರೆ ಅಲೆಯ ಅರಿವನ್ನು ಉಳಿಸಿದವರು ತಲೆಮಾರಿನಿಂದ ಅದನ್ನು ಬಲ್ಲ ದೇಶೀಯರೇ. ಅವರ ಬರೆಹಗಾರರೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಮ್ಮ ಭಾಷೆಯಲ್ಲಿ ಹಳೆಯ ಆಚಾರಗಳನ್ನು ಬರೆದಿಟ್ಟರು. ಡೇವಿಡ್ ಮಾಲೋ ಅವರಲ್ಲಿ ಪ್ರಮುಖನು. ನಮ್ಮ ಅಂಬಿಗರನ್ನು ಕುರಿತು ಅಂತಹ ಕಾರ್ಯ ಇನ್ನೂ ಆಗಬೇಕಾಗಿದೆ. ನಂಜನಗೂಡು, ನರಸೀಪುರ ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ಊರಿನ ಕಡವಿನ ಹೆಸರು, ಹರಿಗೋಲು ಹೆಣೆಯುವ ಕ್ರಮ, ಹುಟ್ಟುಹಾಕುವ ರೀತಿ, ಪ್ರವಾಹದ ನೆನಪು ಇವುಗಳನ್ನು ಹಿರಿಯರ ಬಾಯಿಂದ ಕೇಳಿ, ಹೇಳಿದವರ ಒಪ್ಪಿಗೆಯೊಡನೆ ಬರೆದಿಡಬಹುದು. ಇದಕ್ಕೆ ದೊಡ್ಡ ಧನಸಹಾಯ ಬೇಕಿಲ್ಲ. ಒಂದು ರಜೆಯ ಕಾಲ, ಒಂದು ಪುಸ್ತಕ, ಕೇಳುವ ತಾಳ್ಮೆ ಇದ್ದರೆ ಸಾಕು. ಬಿದಿರು ಮಣ್ಣಾಗುತ್ತದೆ. ಅದನ್ನು ಹೆಣೆದವರ ಮಾತೂ ಮಣ್ಣಾಗದಂತೆ ನೋಡಿಕೊಳ್ಳುವುದು ಚರಿತ್ರೆಯ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯ.