ಬಿಚ್ಚಗೊಡದೆ ಕೊಲ್ಲುವ ಮದ್ದು

ಒಂದು ಲೋಟ ನೀರಿಗೆ ನಾಲ್ಕು ತೊಟ್ಟು ಹಾಲನ್ನು ಬೆರೆಸಿದರೆ ನೀರು ಮಸುಕಾಗುವುದಷ್ಟೆ. ಬೆಳಕನ್ನು ಚದರಿಸುವ ಕಣಗಳು ಅದರಲ್ಲಿ ಸೇರಿರುವುದೇ ಇದಕ್ಕೆ ಕಾರಣ. ಭೌತಶಾಸ್ತ್ರದ ಈ ಸರಳ ಪಾಠವು ಕ್ಯಾನ್ಸರ್ ಔಷಧವೊಂದರ ಗುಟ್ಟನ್ನು ಹೊರಗೆಡಹಿದ ಬಗೆಯನ್ನು ನಾವೀಗ ನೋಡೋಣ.

ಅಮೆರಿಕದ ಪಶ್ಚಿಮ ಭಾಗದಲ್ಲಿ ಬೆಳೆಯುವ ಯೂ ಮರದ ತೊಗಟೆಯಲ್ಲಿ ಟ್ಯಾಕ್ಸಾಲ್ ಎಂಬ ವಸ್ತುವುಂಟು. ಅದರ ರಚನೆಯನ್ನು ವಾಲ್, ವಾನಿ ಮತ್ತು ಅವರ ಸಂಗಡಿಗರು ೧೯೭೧ರಲ್ಲಿ ಪ್ರಕಟಿಸಿದರು. ಮನ್‌ಸುಖ್ ವಾನಿಯವರು ಭಾರತದಲ್ಲಿಯೇ ಹುಟ್ಟಿದವರೆಂಬುದನ್ನು ಇಲ್ಲಿ ನೆನೆಯಬಹುದು. ಟ್ಯಾಕ್ಸಾಲ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದೆಂಬುದು ತಿಳಿದಿತ್ತು, ಹೇಗೆಂಬುದು ತಿಳಿದಿರಲಿಲ್ಲ.

ಈ ಪ್ರಶ್ನೆಯನ್ನು ನ್ಯೂಯಾರ್ಕಿನಲ್ಲಿ ಸೂಸನ್ ಹಾರ್ವಿಟ್ಸ್ ಮತ್ತು ಅವರ ವಿದ್ಯಾರ್ಥಿ ಪೀಟರ್ ಶಿಫ್ ಕೈಗೆತ್ತಿಕೊಂಡರು. ಪರೀಕ್ಷೆಗೆ ಒಳಗಾದವು ಹೀಲಾ ಕೋಶಗಳು. ೧೯೫೧ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಂಗಸಿನ ಗೆಡ್ಡೆಯಿಂದ, ಆಕೆಗೆ ತಿಳಿಯದಂತೆ ತೆಗೆದ ಕೋಶಗಳ ಸಂತತಿಯಿದು. ಲೀಟರಿಗೆ ಸುಮಾರು ೦.೨ ಮಿಲಿಗ್ರಾಂ ಟ್ಯಾಕ್ಸಾಲ್ ಸೇರಿಸಿದೊಡನೆ ಅವುಗಳ ವೃದ್ಧಿ ನಿಂತಿತು. ಆದರೆ ಮೊದಲ ೪ ಗಂಟೆಗಳಲ್ಲಿ ಡಿ.ಎನ್.ಎ. ಹಾಗೂ ಪ್ರೋಟೀನುಗಳ ತಯಾರಿಕೆಗೆ ಹೇಳಿಕೊಳ್ಳುವಂಥ ಅಡ್ಡಿಯೇ ಇರಲಿಲ್ಲ! ೨೦ ಗಂಟೆಗಳ ಬಳಿಕ ನೋಡಿದರೆ ಕೋಶಗಳು ವಿಭಜನೆಯ ಹೊಸ್ತಿಲಲ್ಲಿ ಸಿಕ್ಕಿಬಿದ್ದಿದ್ದವು.

ಕೋಶವು ಎರಡಾಗುವಾಗ ಟ್ಯೂಬುಲಿನ್ ಎಂಬ ಪ್ರೋಟೀನಿನ ಕಣಗಳು ಒಂದರೊಡನೊಂದು ಕೂಡಿ ಸೂಕ್ಷ್ಮನಾಳಗಳಾಗುತ್ತವೆ. ಈ ನಾಳಗಳಿಂದಾದ ಕದಿರಿನಾಕಾರದ ಚೌಕಟ್ಟು ವರ್ಣತಂತುಗಳನ್ನು ಇಬ್ಬದಿಗೂ ಹಂಚುತ್ತದೆ. ಮನೆ ಕಟ್ಟುವಾಗ ಹಾಕುವ ಸಾರವೆಯಂತೆ ಇದನ್ನು ಬೇಕಾದಾಗ ಕಟ್ಟಬೇಕು, ಬೇಕಾದಾಗ ಬಿಚ್ಚಬೇಕು. ಕಾಲ್ಚಿಸೀನ್ ಎಂಬ ಸಸ್ಯವಿಷವು ಕಟ್ಟುವುದನ್ನೇ ತಡೆಯುತ್ತದೆ. ಟ್ಯಾಕ್ಸಾಲಿನದೂ ಅದೇ ಕೆಲಸವಿರಬಹುದೆಂದು ಯಾರಾದರೂ ಊಹಿಸಬಹುದಿತ್ತು.

ಹಾಲಿನ ಲೋಟವನ್ನು ನೆನೆಯಬೇಕಾದುದು ಇಲ್ಲಿಯೇ. ಕರುವಿನ ಮೆದುಳಿನಿಂದ ತೆಗೆದ ಟ್ಯೂಬುಲಿನ್ ದ್ರಾವಣವನ್ನು ಬೆಚ್ಚಗಾಗಿಸಿದರೆ ನಾಳಗಳು ಮೂಡಿ ದ್ರಾವಣವು ಮಸುಕಾಗುತ್ತದೆ. ತಣ್ಣಗಾಗಿಸಿದರೆ ನಾಳಗಳು ಬಿಚ್ಚಿಕೊಂಡು ಮತ್ತೆ ತಿಳಿಯಾಗುತ್ತದೆ. ಮಸುಕನ್ನು ಅಳೆದರೆ ನಾಳಗಳನ್ನು ಅಳೆದಂತೆಯೇ. ಟ್ಯಾಕ್ಸಾಲ್ ಬೆರೆಸಿದಾಗ ಮಸುಕು ಬೇಗನೆ ಮೂಡಿತು. ೪ ಡಿಗ್ರಿ ಸೆಂಟಿಗ್ರೇಡಿಗೆ ಇಳಿಸಿದರೂ ನಾಳಗಳು ಬಿಚ್ಚಿಕೊಳ್ಳಲಿಲ್ಲ. ಕಾಲ್ಚಿಸೀನಿಗೆ ತೀರ ವಿರುದ್ಧವಾದ ನಡತೆ! ಈ ವಿಷವು ಕಟ್ಟಲು ಬಿಟ್ಟು, ಬಿಚ್ಚಲು ಬಿಡುವುದಿಲ್ಲ. ಈ ಫಲಿತಾಂಶವು ೧೯೭೯ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ೧೯೯೨ರಲ್ಲಿ ಅಮೆರಿಕದಲ್ಲಿ ಟ್ಯಾಕ್ಸಾಲನ್ನು ಅಂಡಾಶಯದ ಕ್ಯಾನ್ಸರಿಗೆ ಔಷಧವೆಂದು ಅಂಗೀಕರಿಸಲಾಯಿತು.

ಆದರೂ ಪ್ರಯೋಗಶಾಲೆಯ ಕೋಶವೇ ರೋಗಿಯ ಕೋಶವೆನ್ನುವಂತಿಲ್ಲ. ೨೦೧೪ರಲ್ಲಿ ಬೆತ್ ವೀವರ್ ಮತ್ತು ಸಂಗಡಿಗರು ಸ್ತನಕ್ಯಾನ್ಸರಿನ ರೋಗಿಗಳ ಗೆಡ್ಡೆಗಳನ್ನೇ ಪರೀಕ್ಷಿಸಿದರು. ಅಲ್ಲಿ ಔಷಧದ ಪ್ರಮಾಣವು ವಿಭಜನೆಯನ್ನು ನಿಲ್ಲಿಸುವಷ್ಟು ಇರಲಿಲ್ಲ. ಕದಿರಿಗೆ ಎರಡರ ಬದಲು ಮೂರು ನಾಲ್ಕು ತುದಿಗಳು ಮೂಡಿ, ವರ್ಣತಂತುಗಳು ತಪ್ಪುತಪ್ಪಾಗಿ ಹಂಚಿಹೋಗುತ್ತಿದ್ದವು. ಹಾಗೆ ಹುಟ್ಟಿದ ಮರಿಕೋಶಗಳಲ್ಲಿ ಬಹಳಷ್ಟು ಬದುಕುವುದಿಲ್ಲ.